ನಿನ್ನೆ ಸೇರಿದವರಿಗೆ ಮತ ಯಾವಾಗ?

ಸಾಫ್ಟ್‌ವೇರ್ ಕೆಲಸಗಾರರೇ ಮಾಲೀಕರಾಗಿ ಕಂಪನಿ ನಡೆಸಬಹುದು ಅಂದರೆ ಬೆಂಗಳೂರಿನ ಗೆಳೆಯರು ಮೊದಲು ಕೇಳುವುದು ದುಡ್ಡಿನ ವಿಷಯ. ಫಂಡಿಂಗ್ ಯಾರು ಕೊಡುತ್ತಾರೆ? ನಷ್ಟ ಆದರೆ ಯಾರು ತುಂಬುತ್ತಾರೆ? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಇಂಥ ಸಂಘಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತಿರುವುದು ಇನ್ನೊಂದು ಪ್ರಶ್ನೆ. ಹೊಸದಾಗಿ ಸೇರಿದವರಿಗೆ ಕಂಪನಿಯ ತೀರ್ಮಾನಗಳಲ್ಲಿ ಮತ ಯಾವಾಗ ಸಿಗುತ್ತದೆ?

ಫ್ರಾನ್ಸ್‌ನ ಬೋರ್ಡೊ ನಗರದ ಮೋಷನ್ ಟ್ವಿನ್ ಕಥೆ ತಗೊಳ್ಳಿ. 2001ರಲ್ಲಿ ಶುರುವಾದ, ಗೇಮ್ ಮಾಡುವ ಸಹಕಾರ ಸಂಘ. ಸಣ್ಣ ತಂಡ. ಎಲ್ಲರಿಗೂ ಒಂದೇ ಸಂಬಳ, ಒಬ್ಬರಿಗೆ ಒಂದು ಮತ. 2018ರಲ್ಲಿ ಅವರ 'ಡೆಡ್ ಸೆಲ್ಸ್' ಗೇಮ್ ಪೂರ್ತಿಯಾಗಿ ಹೊರಬಂತು. 2023ರ ಹೊತ್ತಿಗೆ ಅದರ ಮಾರಾಟ 1 ಕೋಟಿ ಪ್ರತಿ ದಾಟಿತು. ಆ ಗೆಲುವೇ ಅವರಿಗೆ ಕಷ್ಟ ತಂದಿತು. ಗೇಮ್‌ಗೆ ಹೊಸ ಭಾಗಗಳನ್ನು ಸೇರಿಸುತ್ತಾ ಇರಬೇಕು, ಅದಕ್ಕೆ ಜನ ಬೇಕು. ಜನ ಜಾಸ್ತಿಯಾದರೆ ಎಲ್ಲರೂ ಒಟ್ಟಿಗೆ ಕೂತು ತೀರ್ಮಾನ ಮಾಡುವ ಪದ್ಧತಿ ಉಳಿಯಲ್ಲ. ಕೊನೆಗೆ ಈವಿಲ್ ಎಂಪೈರ್ ಅಂತ ಬೇರೆ ಕಂಪನಿ ಹುಟ್ಟಿತು, ಗೇಮ್ ಬೆಳೆಸುವ ಕೆಲಸ ಅದರ ಕೈಗೆ ಹೋಯಿತು. ಅದು ಸಹಕಾರ ಸಂಘ ಅಲ್ಲ, ಮಾಮೂಲಿ ಕಂಪನಿ. 2024ರಲ್ಲಿ ಇನ್ನು ಅಪ್‌ಡೇಟ್ ಸಾಕು ಅನ್ನುವ ತೀರ್ಮಾನ ಹೊರಬಿತ್ತು. ವರ್ಷಗಟ್ಟಲೆ ಆ ಗೇಮ್ ಬೆಳೆಸಿದವರು ಅದರ ಒಡೆತನ ಇದ್ದ ಸಂಘದ ಸದಸ್ಯರಾಗಿರಲಿಲ್ಲ.

ಸಣ್ಣದಾಗಿಯೇ ಉಳಿಯಬೇಕು ಅನ್ನುವುದು ಅವರ ಹಕ್ಕು, ನಿಜ. ಅವರ ಕೆಲಸದ ಬಗ್ಗೆ ನನಗೆ ಗೌರವವೂ ಇದೆ. ಆದರೂ ಇದನ್ನು ಒಪ್ಪಲು ನನಗೆ ಆಗುವುದಿಲ್ಲ. ಒಳಗಿನ ಕೆಲವರಿಗೆ ಸಮಾನತೆ, ಜಾಸ್ತಿ ಕೆಲಸ ಬಂದಾಗ ಹೊರಗಿನವರಿಗೆ ಗುತ್ತಿಗೆ. ಇದನ್ನು ನಾವು ಐಟಿಯಲ್ಲಿ ದಿನಾ ನೋಡುತ್ತೇವಲ್ವಾ? ಒಂದೇ ಸಾಲಿನಲ್ಲಿ ಕೂತು ಒಂದೇ ಕೋಡ್ ಬರೆಯುವವರಲ್ಲಿ ಗುತ್ತಿಗೆಯವರ ಬ್ಯಾಡ್ಜ್ ಬಣ್ಣ ಬೇರೆ.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಸ್ಪೇನ್‌ನ ಗಲೀಸಿಯಾದಲ್ಲಿದೆ. ಅಲ್ಲಿನ 'ಆ ಕೊರುನ್ಯ' ನಗರದಲ್ಲಿ ಇಗಾಲಿಯಾ ಅನ್ನುವ ಸಾಫ್ಟ್‌ವೇರ್ ಕಂಪನಿ ಹುಟ್ಟಿದ್ದೂ 2001ರಲ್ಲೇ. ಈಗ ನೂರಕ್ಕೂ ಹೆಚ್ಚು ಜನ, ಬೇರೆ ಬೇರೆ ದೇಶಗಳಿಂದ ಕೆಲಸ ಮಾಡುತ್ತಾರೆ. ವೆಬ್ ಪುಟಗಳನ್ನು ಜೋಡಿಸುವ ಸಿಎಸ್‌ಎಸ್ ಗ್ರಿಡ್ ಗೊತ್ತಲ್ಲ? ಹಣಕಾಸು ಮಾಹಿತಿ ಕಂಪನಿ ಬ್ಲೂಮ್‌ಬರ್ಗ್ ದುಡ್ಡು ಕೊಟ್ಟಿತು, ಕ್ರೋಮ್ ಬ್ರೌಸರ್‌ನ ಬುನಾದಿಯಾದ ಕ್ರೋಮಿಯಂ, ಸಫಾರಿ ಬ್ರೌಸರ್‌ನ ಬುನಾದಿಯಾದ ವೆಬ್‌ಕಿಟ್ ಎರಡರಲ್ಲೂ ಅದನ್ನು ಮಾಡಿದ್ದು ಇವರು. 2017ರಲ್ಲಿ ಅದು ಕ್ರೋಮ್‌ಗೂ ಸಫಾರಿಗೂ ಬಂತು. ಇಷ್ಟು ದೊಡ್ಡ ಕೆಲಸ ಮಾಡುವ ಜಾಗದಲ್ಲಿ ಮ್ಯಾನೇಜರ್‌ಗಳಿಲ್ಲ. ಕಂಪನಿಯ ತೀರ್ಮಾನಗಳು ಸದಸ್ಯರ ಸಭೆಯಲ್ಲಿ ಆಗುತ್ತವೆ.

ನನಗೆ ಮುಖ್ಯ ಅನ್ನಿಸಿದ್ದು ಅವರು ಜನರನ್ನು ಒಳಗೆ ಬಿಟ್ಟುಕೊಳ್ಳುವ ರೀತಿ. ಹೊಸಬರು ಸ್ವಲ್ಪ ಕಾಲ ಕೆಲಸ ಮಾಡುತ್ತಾರೆ. ಆಮೇಲೆ ಸಭೆಗೆ ಸೇರುತ್ತಾರೆ, ಮತ ಬರುತ್ತದೆ. ಇನ್ನಷ್ಟು ಕಾಲ ಕಳೆದ ಮೇಲೆ ಒಡೆತನದ ಪಾಲು. ಅಂದರೆ ಮತ ಮೊದಲು, ಷೇರು ಆಮೇಲೆ. ನಮ್ಮ ಸ್ಟಾರ್ಟಪ್‌ಗಳಲ್ಲಿ ಪೂರ್ತಿ ಉಲ್ಟಾ. ಸೇರಿದ ದಿನವೇ ಈಸಾಪ್ (ಮುಂದೆ ಕಂಪನಿಯ ಷೇರು ಕೊಡುತ್ತೇವೆ ಅನ್ನುವ) ಪತ್ರ ಕೈಗೆ ಕೊಟ್ಟು "ನೀವೂ ಮಾಲೀಕರು" ಅನ್ನುತ್ತಾರೆ. ಮರುವರ್ಷ ಅರ್ಧ ತಂಡವನ್ನು ಮನೆಗೆ ಕಳಿಸುವಾಗ ಆ ಮಾಲೀಕರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಇನ್ನೊಂದು ವಿಷಯ, ಇಗಾಲಿಯಾ ಕಾಗದದ ಮೇಲೆ ಒಂದು ಲಿಮಿಟೆಡ್ ಕಂಪನಿ ಅಷ್ಟೇ. ರಿಜಿಸ್ಟ್ರೇಷನ್ ಹೇಗಿದೆ ಅನ್ನುವುದಕ್ಕಿಂತ ಒಳಗಿನ ನಿಯಮ ಹೇಗಿದೆ ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

"ಎರಡು ವರ್ಷಕ್ಕೆ ಕೆಲಸ ಬಿಟ್ಟು ಹೋಗುವವರಿಗೆ ಮತ ಯಾಕೆ?" ಅಂತ ಕೇಳುವವರಿದ್ದಾರೆ. ಆ ಎರಡು ವರ್ಷ ರಾತ್ರಿ ಆನ್‌ಕಾಲ್ ಇರುವವರು, ಅಂದರೆ ಏನಾದರೂ ಕೆಟ್ಟರೆ ಎದ್ದು ಸರಿಮಾಡುವವರು ಅವರೇ. ಯಾವ ಕ್ಲೈಂಟ್ ಬೇಕು, ಯಾವುದು ಬೇಡ ಅನ್ನುವ ತೀರ್ಮಾನದ ಭಾರ ಹೊರುವವರೂ ಅವರೇ. ಅಷ್ಟು ಸಾಕು.

ದುಡ್ಡಿನ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮತವನ್ನು ಮಾರುವ ಹಾಗಿಲ್ಲದ ಕಡೆ ದೊಡ್ಡ ಇನ್ವೆಸ್ಟರ್ ಬರುವುದು ಕಷ್ಟ. ಹಾಗಾಗಿ ಬೇರೆಯವರ ಪ್ರಾಜೆಕ್ಟ್ ಮಾಡಿಕೊಟ್ಟು, ಬಂದಿದ್ದರಲ್ಲಿ ಒಂದು ಪಾಲು ಎತ್ತಿಟ್ಟು ನಿಧಾನಕ್ಕೆ ಬೆಳೆಯಬೇಕು.

ನಮ್ಮ ನಾಡಿಗೆ ಇದು ಪರದೇಶದ ವಿಚಾರವೂ ಅಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, 1957ರಲ್ಲಿ ಬೆಂಗಳೂರಿನ ಕೆಲಸಗಾರರು ತಮ್ಮದೇ ಸಹಕಾರ ಸಂಘ ಕಟ್ಟಿದರು. ಪಕ್ಕದ ಕೇರಳದ ವಡಕರ ಹತ್ತಿರ ಊರಾಳುಂಗಲ್ ಕಾರ್ಮಿಕರ ಸಂಘ ಶುರುವಾಗಿದ್ದು 1925ರಲ್ಲಿ, 14 ಜನರಿಂದ. ರಸ್ತೆ, ಸೇತುವೆ ಕಟ್ಟುವ ಸಂಘ ಅದು. ಇವತ್ತು ಕೋಯಿಕ್ಕೋಡ್‌ನಲ್ಲಿ ಯುಎಲ್ ಸೈಬರ್‌ಪಾರ್ಕ್ ಅನ್ನುವ ಐಟಿ ಪಾರ್ಕೇ ಅವರದು. ಕಲ್ಲು ಮಣ್ಣು ಹೊತ್ತವರ ಸಂಘ ಐಟಿ ಪಾರ್ಕಿನ ಒಡೆಯ ಆಗಬಹುದು. ಕೀಬೋರ್ಡ್ ಮುಂದೆ ಕೂತವರು ತಮ್ಮ ಕಂಪನಿಯ ಒಡೆಯರಾಗುವುದು ಅಸಾಧ್ಯ ಅಂತ ನಾವೇ ಯಾಕೆ ನಂಬಿಕೊಂಡಿದ್ದೇವೆ?

ಕಾನೂನು ಕೂಡ ಇದನ್ನು ಹಿಂದೆಯೇ ಯೋಚಿಸಿದೆ. ಸದಸ್ಯರ ಶ್ರಮವನ್ನೇ ಒಟ್ಟಾಗಿ ಮಾರುವ ಸಹಕಾರ ಸಂಘಕ್ಕೆ 1961ರ ಆದಾಯ ತೆರಿಗೆ ಕಾಯ್ದೆ 80ಪಿ ಕಲಮಿನಲ್ಲಿ ರಿಯಾಯಿತಿ ಇಟ್ಟಿತು. ಜೊತೆಗೊಂದು ಷರತ್ತು: ಮತದ ಹಕ್ಕು ಶ್ರಮ ಹಾಕುವವರಿಗೆ, ಸಾಲ ಕೊಡುವ ಸಹಕಾರ ಸಂಘಕ್ಕೆ ಮತ್ತು ರಾಜ್ಯ ಸರ್ಕಾರಕ್ಕೆ ಮಾತ್ರ. ಸುಮ್ನೆ ದುಡ್ಡು ಹಾಕಿ ಕೂತವರಿಗೆ ಅಲ್ಲಿ ಮತ ಇಲ್ಲ.

ಸಾಫ್ಟ್‌ವೇರಿನವರು ಸೇರಿ ಇಂಥದ್ದೊಂದು ಸಂಘ ಮಾಡಬೇಕು ಅಂತಿದ್ದರೆ ನನ್ನ ಸಲಹೆ ಇಷ್ಟೇ. ಹೆಸರು, ಲೋಗೋ, ಮೊದಲ ಕ್ಲೈಂಟ್ ಎಲ್ಲ ಆಮೇಲೆ. ಮೊದಲು ಬೈಲಾದಲ್ಲಿ, ಅಂದರೆ ಸಂಘದ ಒಳಗಿನ ನಿಯಮಗಳಲ್ಲಿ ಬರೆಯಿರಿ: ಮುಂದೆ ಸೇರುವವರಿಗೆ ಎಷ್ಟು ತಿಂಗಳಿಗೆ ಮತ, ಎಷ್ಟು ವರ್ಷಕ್ಕೆ ಷೇರು, ಬಿಟ್ಟು ಹೋಗುವಾಗ ಷೇರಿನ ಹಣ ಹೇಗೆ ವಾಪಸ್. ಹೈದರಾಬಾದ್‌ನಲ್ಲೋ ಹುಬ್ಬಳ್ಳಿಯಲ್ಲೋ ಯಾರಾದರೂ ಇದನ್ನು ಆಗಲೇ ಬರೆದಿಟ್ಟಿದ್ದರೆ ದಯವಿಟ್ಟು ನನಗೆ ಕಳಿಸಿ. ಓದಬೇಕು.