ಕೀ ತಿರುಗಿಸದವನ ಅರ್ಥಗಾರಿಕೆ

ಡಿಸೆಂಬರಿನಲ್ಲಿ ಸಿಯಾಟಲ್‌ಗೆ ನಾಲ್ಕೂವರೆಗೆಲ್ಲ ಕತ್ತಲು. ಅಂಥದೊಂದು ಶನಿವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ವಾರ್‌ಗೇಮ್ಸ್’ ನೋಡಿದೆ. 1983ರ ಸಿನಿಮಾ, ಜಾನ್ ಬ್ಯಾಡಮ್ ನಿರ್ದೇಶನದ್ದು. ಕಥೆಯ ಹುಡುಗ ಇರುವುದು ನಾವಿರುವ ಈ ಊರಿನಲ್ಲೇ. ಹೈಸ್ಕೂಲ್ ಹುಡುಗ ಡೇವಿಡ್ ಹೊಸ ಕಂಪ್ಯೂಟರ್ ಆಟ ಹುಡುಕುತ್ತ, ಸಾಲಾಗಿ ಒಂದೊಂದೇ ನಂಬರಿಗೆ ತನ್ನ ಕಂಪ್ಯೂಟರಿನಿಂದ ಫೋನ್ ಹೋಗುವಂತೆ ಮಾಡುತ್ತಾನೆ. ಅದರಲ್ಲೊಂದು ಕರೆ ಅಮೆರಿಕದ ಅಣ್ವಸ್ತ್ರ ಕಾಯುವ ಯಂತ್ರಕ್ಕೆ ತಾಗುತ್ತದೆ. ಅಣುಯುದ್ಧದ ಆಟ ಆಡೋಣ ಅಂತ ಹುಡುಗ ಕೇಳುತ್ತಾನೆ. ಆಟ ಯಾವುದು, ನಿಜ ಯಾವುದು ಎಂಬ ಭೇದ ಆ ಯಂತ್ರಕ್ಕೆ ಗೊತ್ತಿಲ್ಲ.

“ಅವನ್ಯಾಕಪ್ಪಾ ಫೋನನ್ನ ಡಬ್ಬಿ ಮೇಲೆ ಮಲಗಿಸ್ತಾನೆ?” ಎಂದಳು ಮಗಳು. ಫೋನಿನ ರಿಸೀವರ್ ಅನ್ನು ಮೋಡೆಮ್ಮಿನ ಎರಡು ಬಟ್ಟಲಿನಲ್ಲಿ ಕೂರಿಸಿದರೆ ಸದ್ದಿನ ಮೂಲಕವೇ ಕಂಪ್ಯೂಟರುಗಳು ಮಾತಾಡಿಕೊಳ್ಳುತ್ತಿದ್ದವು ಎಂದು ವಿವರಿಸಲು ಸಿನಿಮಾ ನಿಲ್ಲಿಸಬೇಕಾಯಿತು. ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಗೆ ಫೋನಿನ ತಂತಿ ಬಂದದ್ದೇ ತೊಂಬತ್ತರ ದಶಕದಲ್ಲಿ. ಹಾಗಾಗಿ ಆ ಡಬ್ಬಿಯನ್ನು ನಾನೂ ಕಣ್ಣಾರೆ ಕಂಡವನಲ್ಲ.

ಇದಕ್ಕೇ ಈ ಸಿನಿಮಾವನ್ನು ಹೊಸದಾಗಿ ತೆಗೆಯಬೇಕು ಎನ್ನುತ್ತಾರೆ ಆಫೀಸಿನ ಗೆಳೆಯರು. ಮೋಡೆಮ್ ಇದ್ದಲ್ಲಿ ಕ್ಲೌಡ್ ಇಡಿ, ಕಪಾಟಿನಷ್ಟು ದೊಡ್ಡ ಯಂತ್ರ ಇದ್ದಲ್ಲಿ ಕೃತಕ ಬುದ್ಧಿಮತ್ತೆ ಇಡಿ, ಹುಡುಗನ ಕೈಗೊಂದು ಮೊಬೈಲ್ ಕೊಡಿ ಎಂಬುದು ಅವರ ಲೆಕ್ಕ. 2008ರಲ್ಲಿ ಹೀಗೆ ಸಾಮಾನು ಬದಲಿಸಿ ಮುಂದಿನ ಭಾಗವೊಂದನ್ನು ತೆಗೆದರು. ಅದು ಥಿಯೇಟರಿಗೆ ಬಾರದೆ ನೇರ ಡಿವಿಡಿಗೆ ಹೋಯಿತು.

ಹಳೆಯ ಕಥೆಯನ್ನು ಮತ್ತೆ ಹೇಳುವುದರಲ್ಲಿ ನಾನು ಕೇಳಿ ಬೆಳೆದ ರೀತಿಯೇ ಬೇರೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ನಮ್ಮಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಉಟ್ಟು ಕೂತಲ್ಲೇ ವಾದಿಸುತ್ತಾರೆ. ಪ್ರಸಂಗ ಹಳೆಯದು, ಪದ ಹಳೆಯದು. ವಾಲಿ ಸಾಯುತ್ತಾನೆ ಎಂಬುದು ಅಂಗಳದಲ್ಲಿ ಕಷಾಯ ಕುಡಿಯುತ್ತ ಕೂತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ನಿದ್ದೆಗೆಟ್ಟು ಕೂರುತ್ತಿದ್ದುದು ಒಂದೇ ಕಾರಣಕ್ಕೆ: ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಈ ವಾಲಿ ಇವತ್ತು ಏನು ಕೇಳುತ್ತಾನೆ? ಹೋದ ವರ್ಷ ಕೇಳದ ಯಾವ ಪ್ರಶ್ನೆ ಇವತ್ತು ಬರುತ್ತದೆ? ಹಾಲಿವುಡ್ಡಿನ ಮರುಚಿತ್ರದಲ್ಲಿ ವೇಷ, ಸಾಮಾನು, ನಟರು ಎಲ್ಲ ಹೊಸತಾಗಿ ವಾದ ಮಾತ್ರ ಹಳತಾಗಿಯೇ ಉಳಿಯುತ್ತದೆ. ತಾಳಮದ್ದಳೆಯಲ್ಲಿ ವಾದವೊಂದನ್ನು ಬಿಟ್ಟು ಮತ್ತೇನೂ ಬದಲಾಗುವುದಿಲ್ಲ. (ನಮ್ಮ ಸಿನಿಮಾದವರೂ ಈ ವಿಷಯದಲ್ಲಿ ತಾಳಮದ್ದಳೆಯ ದಾರಿ ಹಿಡಿಯಲಿಲ್ಲ. ಪಕ್ಕದ ಭಾಷೆಯ ಚಿತ್ರವನ್ನು ಕ್ಯಾಮೆರಾ ಇಟ್ಟ ಜಾಗವೂ ಬದಲಾಗದಂತೆ ಇಳಿಸಿಕೊಂಡದ್ದನ್ನು ನಾನು ಎಷ್ಟು ನೋಡಿಲ್ಲ!)

ಹಾಗಾದರೆ ‘ವಾರ್‌ಗೇಮ್ಸ್’ನಲ್ಲಿ ಹೊಸ ಅರ್ಥಕ್ಕೆ ಕಾದಿರುವ ಪದ ಯಾವುದು? ಅದು ಹುಡುಗನದಲ್ಲ, ಹುಡುಗ ತೆರೆಯ ಮೇಲೆ ಬರುವ ಮೊದಲೇ ಮುಗಿದುಹೋಗುವ ಒಂದು ದೃಶ್ಯ. ನೆಲದಡಿಯ ಕ್ಷಿಪಣಿ ಕೋಣೆಯಲ್ಲಿ ಇಬ್ಬರು ಅಧಿಕಾರಿಗಳು. ಉಡಾಯಿಸಿ ಎಂಬ ಆಜ್ಞೆ ಬರುತ್ತದೆ, ಸಂಕೇತ ತಾಳೆಯಾಗುತ್ತದೆ. ಇಬ್ಬರೂ ಒಟ್ಟಿಗೇ ಕೀ ತಿರುಗಿಸಬೇಕು. ಹಿರಿಯವನಾದ ಕ್ಯಾಪ್ಟನ್‌ನ ಕೈ ಮುಂದೆ ಹೋಗುವುದಿಲ್ಲ. ಎರಡು ಕೋಟಿ ಜನರನ್ನು ಕೊಲ್ಲುವ ಮೊದಲು ಫೋನಿನಲ್ಲಿ ಯಾರದಾದರೂ ದನಿ ಕೇಳಬೇಕು ಎನ್ನುತ್ತಾನೆ. ಕಿರಿಯವನು ಪಿಸ್ತೂಲು ಎತ್ತುತ್ತಾನೆ. ಆಮೇಲೆ ತಿಳಿಯುತ್ತದೆ, ಅದು ಬರೀ ಪರೀಕ್ಷೆ. ಕೀ ತಿರುಗಿಸದವರು ನೂರಕ್ಕೆ 22 ಮಂದಿ ಎಂದು ಮೇಲಿನವರು ಲೆಕ್ಕ ಹಾಕುತ್ತಾರೆ, ಅದನ್ನು ದೋಷ ಎಂದು ಬರೆದುಕೊಳ್ಳುತ್ತಾರೆ, ಮನುಷ್ಯರನ್ನು ತೆಗೆದು ಆ ಜಾಗದಲ್ಲಿ ಯಂತ್ರ ಕೂರಿಸುತ್ತಾರೆ. ಹುಡುಗನಿಗೆ ಸಿಗುವುದು ಈ ಯಂತ್ರ.

ಆ ಕ್ಯಾಪ್ಟನ್ ಮತ್ತೆ ತೆರೆಗೆ ಬರುವುದಿಲ್ಲ. ಆದರೆ ಅವನು ಕೇಳಿದ್ದೇ ಮುಂದೆ ತಿರುಗೇಟು ಹೊರಡದಂತೆ ತಡೆಯುತ್ತದೆ. ಯಂತ್ರ ತನ್ನ ಆಟದಲ್ಲಿ ತೋರಿಸುವ ರಷ್ಯದ ಕ್ಷಿಪಣಿಗಳು ಪರದೆಯ ತುಂಬ ಕಾಣುತ್ತಿರುವಾಗ ಜನರಲ್ ತಿರುಗಿ ಹೊಡೆಯದೆ ಕಾಯುತ್ತಾನೆ. ಗುರಿಯಾದ ನೆಲೆಗಳಿಗೆ ಫೋನ್ ಹಚ್ಚಿಸುತ್ತಾನೆ. ಆ ಕಡೆಯಿಂದ ಮನುಷ್ಯರು ಮಾತಾಡುತ್ತಾರೆ.

ಸಿನಿಮಾ ಬಂದದ್ದು 1983ರ ಜೂನ್ 3ಕ್ಕೆ. ಅದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಸೆಪ್ಟೆಂಬರ್ 26ರಂದು ಮಾಸ್ಕೋ ಬಳಿಯ ಒಂದು ಕೇಂದ್ರದಲ್ಲಿ ಸೋವಿಯತ್ ಅಧಿಕಾರಿ ಸ್ತಾನಿಸ್ಲಾವ್ ಪೆತ್ರೋವ್ ಪಾಳಿಯಲ್ಲಿದ್ದರು. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಎಂದಿತು ಉಪಗ್ರಹ ವ್ಯವಸ್ಥೆ. ಆಮೇಲೆ ಇನ್ನೂ ನಾಲ್ಕು ಎಂದಿತು. ಯುದ್ಧ ಶುರು ಮಾಡುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ ಎಂದು ಅವರಿಗೆ ಅನುಮಾನ ಬಂತು. ನೆಲದ ರೇಡಾರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಬೆಂಕಿ ಎಂದು ತಿಳಿದಿತ್ತು. ಜಗತ್ತಿಗೆ ಈ ಸಂಗತಿ ತಿಳಿದದ್ದು ತೊಂಬತ್ತರ ದಶಕದಲ್ಲಿ. ಸಿನಿಮಾದವರು ನೂರಕ್ಕೆ 22 ಎಂದು ಕಲ್ಪಿಸಿಕೊಂಡಿದ್ದರಲ್ಲ, ಅಂಥವರಲ್ಲೊಬ್ಬ ನಿಜವಾಗಿಯೂ ಆ ಕುರ್ಚಿಯಲ್ಲಿ ಕೂತಿದ್ದ.

ಅಮೆರಿಕನ್ನರಿಂದ ನಾನು ಕಲಿತದ್ದೂ ಇದೆ. ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್ ಈ ಸಿನಿಮಾವನ್ನು ಬಿಡುಗಡೆಯ ಮರುದಿನವೇ ಕ್ಯಾಂಪ್ ಡೇವಿಡ್‌ನಲ್ಲಿ ನೋಡಿದರು. ಕೆಲವೇ ದಿನಗಳಲ್ಲಿ, ನಡೆಯುತ್ತಿದ್ದ ಸಭೆಯಲ್ಲೇ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಜನರಲ್ ವೆಸ್ಸಿ ಕಡೆ ತಿರುಗಿ, ಹೀಗೆ ನಿಜವಾಗಿಯೂ ಆಗಬಹುದೇ ಎಂದು ಕೇಳಿದರು. ವಾರ ಬಿಟ್ಟು ವೆಸ್ಸಿ ಉತ್ತರ ತಂದರು: ನೀವು ತಿಳಿದದ್ದಕ್ಕಿಂತ ಪರಿಸ್ಥಿತಿ ಕೆಟ್ಟದಾಗಿದೆ. 1984ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಕಂಪ್ಯೂಟರುಗಳ ಸುರಕ್ಷತೆಗೆ ಅಧ್ಯಕ್ಷರ ಆದೇಶವೇ ಹೊರಬಿತ್ತು. ಸಿನಿಮಾ ತಾನೇ ಎಂದು ತಳ್ಳಿಹಾಕದೆ, ತನಗೆ ಗೊತ್ತಿಲ್ಲದ್ದನ್ನು ನಾಲ್ಕು ಜನರ ಮುಂದೆ ಕೇಳುವ ಈ ಗುಣ ನನಗೆ ತುಂಬ ಇಷ್ಟ. ನಮ್ಮಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತವರು ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ.

ಆದರೆ ಅಮೆರಿಕನ್ನರಿಗೆ ಕಂಡದ್ದು ಹುಡುಗ ಮಾತ್ರ. ಅದೇ ವರ್ಷ ಮಿಲ್ವಾಕೀ ಊರಿನ ಕೆಲವು ಹುಡುಗರು ಅಣ್ವಸ್ತ್ರ ಸಂಶೋಧನೆ ನಡೆಸುವ ಲಾಸ್ ಅಲಾಮೋಸ್ ಪ್ರಯೋಗಾಲಯದ ಕಂಪ್ಯೂಟರಿಗೇ ನುಗ್ಗಿ ಸಿಕ್ಕಿಬಿದ್ದಾಗ ಭಯ ಇನ್ನಷ್ಟು ಬಲಿಯಿತು. 1984ರಲ್ಲಿ ಒಂದು ಕಾನೂನು, 1986ರಲ್ಲಿ ಇನ್ನೂ ಬಿಗಿಯಾದ ಕಂಪ್ಯೂಟರ್ ವಂಚನೆ ಕಾಯ್ದೆ. ಸಂಶೋಧನಾ ಲೇಖನಗಳನ್ನು ರಾಶಿಗಟ್ಟಲೆ ಇಳಿಸಿಕೊಂಡದ್ದಕ್ಕೆ 2011ರಲ್ಲಿ ಯುವ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಮೇಲೆ ಈ ಕಾಯ್ದೆಯಡಿಯೂ ಮೊಕದ್ದಮೆ ಹೂಡಿದರು. ವಿಚಾರಣೆಗೆ ಮೊದಲೇ, 2013ರ ಜನವರಿಯಲ್ಲಿ ಆತ ಪ್ರಾಣ ಕಳೆದುಕೊಂಡ. ವಯಸ್ಸು 26. ಕುತೂಹಲದ ಹುಡುಗನ ಬಗ್ಗೆ ಇಷ್ಟೆಲ್ಲ ಯೋಚಿಸಿದ ದೇಶ, ಫೋನ್ ಕೇಳಿದ ಕ್ಯಾಪ್ಟನ್ ಬಗ್ಗೆ ಯೋಚಿಸಲಿಲ್ಲ. ಈಗಿನ ಮರುಚಿತ್ರದ ಮಾತಿನಲ್ಲೂ ಅವನಿಲ್ಲ. ನನ್ನ ಬೇಸರ ಇರುವುದು ಇಲ್ಲೇ.

ಇದನ್ನು ಇಷ್ಟು ಹಚ್ಚಿಕೊಳ್ಳಲು ನನ್ನ ಕೆಲಸವೂ ಕಾರಣ. ರಾತ್ರಿ ಪಾಳಿಯಲ್ಲಿ ಸರ್ವರ್‌ಗಳ ಎಚ್ಚರಿಕೆ ಬಂದಾಗ ಎದ್ದು ನೋಡುವವರಲ್ಲಿ ನಾನೊಬ್ಬ. ಎಚ್ಚರಿಕೆ ಬಂದ ಎಷ್ಟು ನಿಮಿಷಕ್ಕೆ ಕ್ರಮ ಕೈಗೊಂಡೆವು ಎಂಬುದಕ್ಕೆ ಲೆಕ್ಕವಿದೆ, ಪಟ್ಟಿಯಿದೆ. ಅನುಮಾನಪಟ್ಟು ತಡೆದು ನಿಂತು, ಆ ತಡೆಯಿಂದಲೇ ಒಳ್ಳೆಯದಾದರೆ ಅದಕ್ಕೆ ಪಟ್ಟಿಯಲ್ಲಿ ಕಾಲಮ್ ಇಲ್ಲ. ತಡವಾಯಿತು ಎಂದಷ್ಟೇ ದಾಖಲಾಗುತ್ತದೆ. ನೋಡುವ ಮನುಷ್ಯನನ್ನೇ ತೆಗೆದು ನಿರ್ಧಾರವನ್ನು ಯಂತ್ರಕ್ಕೆ ಬಿಡೋಣ ಎಂಬ ಸಲಹೆ ಈಗ ಮೀಟಿಂಗಿನಿಂದ ಮೀಟಿಂಗಿಗೆ ಬಲವಾಗುತ್ತಿದೆ. ನಮ್ಮಲ್ಲಿ ಕೆಟ್ಟರೆ ಕೆಡುವುದು ಸರ್ವರ್. ಕ್ಷಿಪಣಿಯ ಕೋಣೆಯಲ್ಲಿ ಹಾಗಲ್ಲ. 2024ರ ನವೆಂಬರಿನಲ್ಲಿ ಲಿಮಾದಲ್ಲಿ ಸೇರಿದ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಮತ್ತು ಚೀನಾದ ಶಿ ಜಿನ್‌ಪಿಂಗ್, ಅಣ್ವಸ್ತ್ರ ಬಳಸುವ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕು ಎಂದು ಒಪ್ಪಿಕೊಂಡರು. ಅದನ್ನು ಬಾಯಿಬಿಟ್ಟು ಹೇಳಬೇಕಾದ ಕಾಲ ಬಂದಿದೆ ಎಂದರೆ ಆ ಕ್ಯಾಪ್ಟನ್‌ನ ಪಾತ್ರಕ್ಕೆ ಅರ್ಥ ಹೇಳುವವರು ಈಗ ಬೇಕೇ ಬೇಕು. ಎದುರು ಕೂತ ಯಂತ್ರ ಚೆನ್ನಾಗಿ ವಾದಿಸಬಲ್ಲದ್ದಾಗಿರಲಿ. ಇವನು ಅದಕ್ಕೆ ಉತ್ತರ ಕೊಡಲಿ. ರಾತ್ರಿಯಿಡೀ ಕೊಡಲಿ. ಅಂಥ ಮರುಚಿತ್ರ ತೆಗೆಯುವುದಾದರೆ ಮೊದಲ ದಿನವೇ ಟಿಕೆಟ್ ಕೊಳ್ಳುತ್ತೇನೆ. ಅದಿಲ್ಲದಿದ್ದರೆ ಹಳೆಯದೇ ಸಾಕು. ಡಬ್ಬಿಯ ಮೇಲೆ ಫೋನ್ ಮಲಗಿಸುವುದು ಯಾಕೆಂದು ಮಕ್ಕಳಿಗೆ ನಾವೇ ಹೇಳಿಕೊಡೋಣ.

ಜುಲೈಯಲ್ಲಿ ಲ್ಯಾವೆಂಡರ್ ಹೊಲ ನೋಡಲೆಂದು ಸ್ಕ್ವಿಮ್ ಕಡೆ ಹೊರಟಿದ್ದೆವು. ದಾರಿಯಲ್ಲಿ ಹುಡ್ ಕೆನಾಲ್ ಮೇಲೆ ನೀರಲ್ಲೇ ತೇಲುವ ಸೇತುವೆ ಇದೆ. ಹತ್ತಿರದ ಬ್ಯಾಂಗರ್ ನೌಕಾನೆಲೆಯ ಜಲಾಂತರ್ಗಾಮಿಗಳು ಹಾದುಹೋಗುವಾಗ ಅದನ್ನು ನಡುವೆ ತೆರೆಯುತ್ತಾರೆ. ಟ್ರೈಡೆಂಟ್ ಅಣು ಕ್ಷಿಪಣಿ ಹೊರುವ ಹಡಗುಗಳ ನೆಲೆ ಅದು, ನಮ್ಮ ಮನೆಯಿಂದ ಗಟ್ಟಿಯಾಗಿ ಎರಡು ತಾಸಿನ ದಾರಿಯೂ ಅಲ್ಲ. ಅವತ್ತು ಕಾರುಗಳ ಸಾಲಿನಲ್ಲಿ ನಾವೂ ನಿಂತೆವು. ಸುತ್ತ ಕಾವಲು ದೋಣಿ, ನಡುವೆ ಕಪ್ಪು ಬೆನ್ನೊಂದು ನಿಧಾನವಾಗಿ ದಾಟುತ್ತಿತ್ತು. ಮಗಳು ಕಿಟಕಿ ಇಳಿಸಿ ಬಹಳ ಹೊತ್ತು ನೋಡಿದಳು.

“ಫೋನ್ ಕೇಳಿದ್ರಲ್ಲ ಆ ಅಂಕಲ್, ಅಂಥವ್ರು ಇದರೊಳಗೂ ಇರ್ತಾರಾ ಅಪ್ಪಾ?”

ಸೇತುವೆ ಮುಚ್ಚುವವರೆಗೂ ನಾನು ಅವಳಿಗೆ ಪೆತ್ರೋವ್ ಕಥೆ ಹೇಳುತ್ತಿದ್ದೆ.