ಲಜ್ಜೆಗೆಟ್ಟವನು ಜಮೀನಿಗೆ ಯಜಮಾನ

ಜಮೀನು ಕೊಳ್ಳಬೇಕೆಂದರೆ ಮುದ್ರಾಂಕ ಶುಲ್ಕ, ನೋಂದಣಿ, ಸಾಕ್ಷಿ, ಸಹಿ ಎಂದು ನೂರೆಂಟು ತಾಪತ್ರಯ. ಇವಾವುದರ ಗೊಡವೆಯಿಲ್ಲದೆ ಒಡೆಯನಾಗುವ ದಾರಿಯೊಂದನ್ನು ಕಾನೂನೇ ತೆರೆದಿಟ್ಟಿದೆ. ಅದರ ಹೆಸರು ಪ್ರತಿಕೂಲ ಸ್ವಾಧೀನ, ಅಂದರೆ ಪರರ ಜಮೀನನ್ನು ಅವರ ಹಕ್ಕಿಗೆ ವಿರುದ್ಧವಾಗಿ ಹಿಡಿದಿಟ್ಟುಕೊಳ್ಳುವುದು. 1963ರ ಕಾಲಮಿತಿ ಕಾಯಿದೆಯ 65ನೆಯ ಅನುಚ್ಛೇದದಂತೆ, ಸ್ವಾಧೀನವು ತನಗೆ ಪ್ರತಿಕೂಲವಾದ ದಿನದಿಂದ 12 ವರ್ಷದೊಳಗೆ ಮಾಲೀಕನು ದಾವೆ ಹೂಡದಿದ್ದರೆ, 27ನೆಯ ಕಲಮಿನ ಪ್ರಕಾರ ಅವನ ಹಕ್ಕೇ ಅಳಿದುಹೋಗುತ್ತದೆ. ಕ್ರಯಪತ್ರ ಮಾತ್ರ ಬೀರುವಿನಲ್ಲಿ ಭದ್ರವಾಗಿರುತ್ತದೆ.

ಆದರೆ ಇದು ಅಂಜುಬುರುಕರ ಕೆಲಸವಲ್ಲ. ರಾತ್ರೋರಾತ್ರಿ ಗಡಿಕಲ್ಲು ಸರಿಸಿ ಬೆಳಿಗ್ಗೆ ಏನೂ ಅರಿಯದವನಂತೆ ಹಲ್ಲುಜ್ಜುವ ಸಂಕೋಚದ ಒತ್ತುವರಿದಾರನಿಗೆ ಇಲ್ಲಿ ಹಕ್ಕು ಹುಟ್ಟುವುದಿಲ್ಲ. ಸ್ವಾಧೀನವು ಬಹಿರಂಗವೂ ನಿರಂತರವೂ ಆಗಿರಬೇಕು, ಮಾಲೀಕನ ಹಕ್ಕನ್ನು ಧಿಕ್ಕರಿಸುವಂತಿರಬೇಕು. "ಯಜಮಾನರೇ, ನಿಮ್ಮ ಖಾಲಿ ನಿವೇಶನದಲ್ಲಿ ಸೌದೆ ಒಟ್ಟಿಕೊಳ್ಳಲೇ?" ಎಂದು ಕೇಳಿ ಒಟ್ಟಿಕೊಂಡ ಸಜ್ಜನನದು ಬರೀ ಅನುಮತಿಯ ಸ್ವಾಧೀನ, ಐವತ್ತು ವರ್ಷ ಕಳೆದರೂ ಅವನಿಗೆ ಸೌದೆಯಷ್ಟೇ ಗತಿ. ಕೇಳದೆ ಗೋಡೆ ಎಬ್ಬಿಸಿ, ಪ್ರಶ್ನಿಸಲು ಬಂದ ಮಾಲೀಕನನ್ನೇ ಗದರಿ ಅಟ್ಟಿದವನಿಗೆ ಆ ಗದರಿಕೆಯೇ ಮುಂದೆ ಸಾಕ್ಷ್ಯವಾಗಿ ಒದಗುತ್ತದೆ. ಇನ್ನೂ ಸೊಗಸಾದ ಸಂಗತಿಯೆಂದರೆ, ಈ ವಾದ ಹೂಡುವವನು ಎದುರಾಳಿಯನ್ನು ನಿಜವಾದ ಮಾಲೀಕನೆಂದು ಮೊದಲು ಒಪ್ಪಿಕೊಳ್ಳಬೇಕು: ಇದು ನಿಮ್ಮದೇ ಆಗಿತ್ತು ಸ್ವಾಮಿ, ಆದ್ದರಿಂದಲೇ ಈಗ ನನ್ನದು.

2008ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ವಿವೇಕಶೂನ್ಯ, ತರ್ಕಹೀನ ಎಂದು ಜರೆದು, ಮರುಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿತು. 2019ರಲ್ಲಿ ಅದೇ ನ್ಯಾಯಾಲಯವು, ಇದು ಪ್ರತಿವಾದಿಯ ಗುರಾಣಿಯಷ್ಟೇ ಅಲ್ಲ, ವಾದಿಯ ಕತ್ತಿಯೂ ಆಗಬಹುದೆಂದಿತು. 2023ರಲ್ಲಿ ಕಾನೂನು ಆಯೋಗವು ತನ್ನ 280ನೆಯ ವರದಿಯಲ್ಲಿ, ಯಾವ ಬದಲಾವಣೆಗೂ ಸಮರ್ಥನೆಯಿಲ್ಲವೆಂದು ಷರಾ ಬರೆಯಿತು. ಅಷ್ಟರಲ್ಲಿ 12 ವರ್ಷ ಮೀರಿದ್ದರಿಂದ, ಮರುಪರಿಶೀಲನೆಯ ಹಕ್ಕೂ ಅಳಿದುಹೋಗಿತ್ತೇನೋ.

ಸರ್ಕಾರ ತನ್ನ ಜಮೀನಿಗೆ ಮಾತ್ರ 30 ವರ್ಷದ ಕಾಲಾವಕಾಶ ಇಟ್ಟುಕೊಂಡಿದೆ. ದೊಡ್ಡವರ ನಿದ್ದೆಯೂ ದೊಡ್ಡದು. ಪರರ ಜಮೀನನ್ನು ಹೀಗೆ ತನ್ನದಾಗಿಸಿಕೊಳ್ಳುವುದರಲ್ಲೂ ಸರ್ಕಾರ ಹಿಂದೆ ಬಿದ್ದಿಲ್ಲ. ಹಿಮಾಚಲ ಪ್ರದೇಶದಲ್ಲಿ 1967-68ರ ಹೊತ್ತಿಗೆ ಓದುಬರಹ ಬಾರದ ವಿಧವೆಯೊಬ್ಬರ ಜಮೀನಿನಲ್ಲಿ ಪರಿಹಾರ ಕೊಡದೆ ರಸ್ತೆ ಮಾಡಿದ ರಾಜ್ಯವು, ಆಕೆ ನ್ಯಾಯಾಲಯದ ಮೆಟ್ಟಿಲೇರಿದಾಗ ಪ್ರತಿಕೂಲ ಸ್ವಾಧೀನದಿಂದ ಜಾಗ ತನ್ನದಾಗಿದೆ ಎಂದು ವಾದಿಸಿತು. ಕಲ್ಯಾಣ ರಾಜ್ಯ ಹೀಗೆ ವಾದಿಸಲಾಗದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ಖಾಸಗಿ ಒತ್ತುವರಿದಾರರು ಇದರಿಂದ ಗಾಬರಿಯಾಗಬೇಕಿಲ್ಲ. ಅವರ ಮೇಲೆ ಯಾರ ಕಲ್ಯಾಣದ ಹೊಣೆಯೂ ಇಲ್ಲ.