ಕೌದಿ ಯಾರದು?

ಬನದ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ಶನಿವಾರ ಸಂಜೆ ಬಸ್ಸಿಳಿದು ಊರಿಗೆ ಬಂದವನು ಪಡಸಾಲೆಯಲ್ಲಿ ನೋಡಿದರೆ ಹಳೆ ಬಟ್ಟೆ ಸೇರಿಸಿ ಹೊಲಿದ ನನ್ನ ಹೊದಿಕೆ, ನನ್ನ ಕೌದಿ ಇಲ್ಲ. ಚಾಪೆ ಇದೆ, ತಲೆದಿಂಬು ಇದೆ, ಹೋದ ವರ್ಷ ನಾನೇ ಪೇಟೆಯಿಂದ ತಂದಿದ್ದ ದೊಡ್ಡ ಹೂವಿನ ರಗ್ಗು ಇದೆ. ಕೌದಿ ಮಾತ್ರ ಇಲ್ಲ.

"ಅವ್ವಾ, ನನ್ನ ಕೌದಿ ಎಲ್ಲೈತಿ?"

"ಎಮ್ಮಿ ಮ್ಯಾಲ ಐತಿ" ಅಂದಳು ಅವ್ವ, ರೊಟ್ಟಿ ಬಡಿಯೋದನ್ನು ನಿಲ್ಲಿಸದೆ. ಉಪ್ಪಿನ ಡಬ್ಬಿ ಗೂಡಿನಲ್ಲಿದೆ ಅಂದಷ್ಟೇ ಸಲೀಸಾಗಿ.

ಹೋಗಿ ನೋಡಿದೆ. ಗಂಗಿ ಗೋದಲಿ ಮುಂದೆ ನಿಂತು ಕಣಕಿ, ಅಂದರೆ ಜೋಳದ ಒಣ ದಂಟು, ಜಗಿಯುತ್ತಿತ್ತು. ಬೆನ್ನ ಮೇಲೆ ನನ್ನ ಕೌದಿ, ಜಾರದಂತೆ ಹೊಟ್ಟೆಯ ಸುತ್ತ ಹಗ್ಗ. ಕೌದಿಯ ಸರಿ ನಡುವೆ ಬಣ್ಣ ಹೋದ ಒಂದು ನೀಲಿ ತುಂಡು, ಅದರ ಮೇಲೊಂದು ಕಿಸೆ. ನಾನು ಏಳನೇ ಇಯತ್ತೆಯಲ್ಲಿ ಹಾಕುತ್ತಿದ್ದ ಸಾಲೆಯ ಅಂಗಿ ಅದು. ಹಳೆ ಅಂಗಿ ಕತ್ತರಿಸುವಾಗ ಅವ್ವ ಕಿಸೆ ಬಿಚ್ಚುವುದಿಲ್ಲ. "ಇರ್ಲಿ, ಗಟ್ಟಿ ಆಗ್ತೈತಿ" ಅನ್ನುತ್ತಾಳೆ. ಪೆನ್ನಿನ ಶಾಯಿ ಸೋರಿದ ಕಲೆಯೂ ಹಾಗೇ ಇತ್ತು. ಎಮ್ಮೆ ನನ್ನ ಯೂನಿಫಾರ್ಮ್ ಹಾಕಿಕೊಂಡು ಸಾಲೆಗೆ ಹೊರಟಂತಿತ್ತು. ನನಗಿಂತ ಗಂಗಿಗೇ ಅದು ಚಲೋ ಒಪ್ಪುತ್ತದೆ ಅನ್ನೋದು ವೈನಿಯ ಅಭಿಪ್ರಾಯ.

ವಿಜಯಪುರ ಅಂದರೆ ಬರೀ ಬಿಸಿಲು ಅಂತ ಹೊರಗಿನವರು ತಿಳಿದಿರುತ್ತಾರೆ. ತಪ್ಪೇನಿಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಾಡು ಇದು. ಆದರೆ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಅದೇ ನಾಡು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಗುಡ್ಡವಿಲ್ಲ, ಕಾಡಿಲ್ಲ, ಕಣ್ಣಿಗೆ ಕಾಣುವಷ್ಟು ದೂರ ಕರಿ ಎರೆ ಹೊಲ. ಗಾಳಿಗೆ ಅಡ್ಡ ನಿಲ್ಲೋರು ಯಾರೂ ಇಲ್ಲ. ಡೋಣಿ ಹೊಳೆಯ ದಂಡೆಯಿಂದ ಹೊರಟ ಥಂಡಿ ಗಾಳಿ ನೆಟ್ಟಗೆ ನಮ್ಮ ತಲಬಾಗಿಲಿಗೇ ಬಂದು ಬಡಿಯುತ್ತದೆ. ಊರು 2014ರಲ್ಲಿ ವಿಜಯಪುರವಾದರೂ ಅವ್ವನಿಗೆ ಇನ್ನೂ ಬಿಜಾಪುರವೇ. ಥಂಡಿಯೂ ಹಳೆಯದೇ.

ನಮ್ಮದು ನಾಲ್ಕು ಎಕರೆ ಹೊಲ. ಒಂದು ಜೋಡಿ ಎತ್ತು, ಒಂದು ಆಕಳು, ಈ ಎಮ್ಮೆ, ಆರು ಆಡು, ಎಣಿಸಿದಾಗೆಲ್ಲ ಬೇರೆ ಲೆಕ್ಕ ಕೊಡುವ ಕೋಳಿಗಳು, ಒಂದು ನಾಯಿ. ಮನೆ ಹಳೇ ಕಾಲದ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಮೊದಲು ದನಗಳ ಜಾಗ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದು ಮನುಷ್ಯರದು. ನಡುವೆ ಗೋಡೆ ಇಲ್ಲ. ದನ ಅಲ್ಲಿ ಮೆಲುಕು ಹಾಕಿದರೆ ಇಲ್ಲಿ ಮಲಗಿದವರಿಗೆ ಕೇಳುತ್ತದೆ. ಚಿಕ್ಕವನಿದ್ದಾಗ ಪಟ್ಟಣದ ಗೆಳೆಯರಿಗೆ ಇದನ್ನು ಹೇಳೋಕೆ ನನಗೆ ನಾಚಿಕೆ. ಈಗ ಅನಿಸುತ್ತದೆ, ಕಟ್ಟಿದವನು ಶಾಣ್ಯಾ ಇದ್ದ. ದನದ ಮೈ ನಮಗಿಂತ ಒಂದು ಡಿಗ್ರಿಯಷ್ಟು ಜಾಸ್ತಿ ಬಿಸಿ. ನಾಲ್ಕು ದೊಡ್ಡ ಜೀವ ರಾತ್ರಿಯಿಡೀ ಉಸಿರು ಬಿಡುತ್ತಾ ಕೂತರೆ ಪಡಸಾಲೆಗೆ ಬೇರೆ ಒಲೆ ಬೇಕಾಗುವುದಿಲ್ಲ. ಥಂಡಿ ಬಿದ್ದ ರಾತ್ರಿ ಅಣ್ಣ ಗೋದಲಿಗೆ ಎರಡು ಸಿವುಡು ಕಣಕಿ ಹೆಚ್ಚಿಗೆ ಹಾಕುತ್ತಾನೆ, ಹಿಂಡಿ ಅಲ್ಲ. ಒರಟು ಮೇವು ಹೊಟ್ಟೆಯಲ್ಲಿ ಹುಳಿಯುತ್ತಾ ಕರಗುವಾಗ ಕಾವು ಹುಟ್ಟುತ್ತದೆ. "ಕಣಕಿ ಹಾಕೂದಂದ್ರ ಒಲಿಗೆ ಕಟಿಗಿ ಒಟ್ಟಿದ್ಹಂಗ" ಅನ್ನುತ್ತಾನೆ. ಅಂದರೆ ಅವನು ಒಲೆ ಹಚ್ಚೋದು ಎಮ್ಮೆಯ ಹೊಟ್ಟೆಯಲ್ಲಿ, ಬೆಚ್ಚಗಾಗೋದು ನಾವು.

ಎಮ್ಮೆ ಚರ್ಮ ಅಂತ ಬೈಯುವವರು ಜನವರಿಯ ಬೆಳಗಿನ ಜಾವ ಎಮ್ಮೆಯ ಬೆನ್ನು ಮುಟ್ಟಿ ನೋಡಿರಲಿಕ್ಕಿಲ್ಲ. ಚರ್ಮ ದಪ್ಪ ನಿಜ, ಆದರೆ ಕೂದಲು ಎಲ್ಲಿದೆ? ಆಡಿಗಿದೆ, ಕುರಿಗಿದೆ, ಆಕಳಿಗೂ ಒಂದು ಲೆಕ್ಕಕ್ಕಿದೆ. ಎಮ್ಮೆಗೆ ಮಾತ್ರ ಮುದುಕರ ತಲೆಯ ಹಾಗೆ ಅಲ್ಲೊಂದು ಇಲ್ಲೊಂದು. ಮೇಲೆ ಮಳೆ ಸುರಿದರೂ ಜಗ್ಗದ ಪ್ರಾಣಿ ಚಳಿಗಾಳಿಗೆ ಜಗ್ಗುತ್ತದೆ. ಅದರಲ್ಲೂ ಗಂಗಿ ಈಗ ದಿನ ತುಂಬಿದ ಗಬ್ಬದ ಎಮ್ಮೆ. ಶಿವರಾತ್ರಿಯ ಮರುದಿನ ಕೋಣ ತೋರಿಸಿದ್ದು. ಅವ್ವನ ಕ್ಯಾಲೆಂಡರ್ ಇರೋದು ಹುಣ್ಣಿಮೆ, ಅಮವಾಸ್ಯೆಯಲ್ಲಿ. "ಆಕಳಿಗೆ ಒಂಬತ್ತೂವರಿ ತಿಂಗಳು, ಎಮ್ಮಿಗೆ ಹತ್ತೂವರಿ. ಬನದ ಹುಣ್ಣಿವಿಗೆ ಈತೈತಿ" ಅಂತ ಅವಳು ಬೇಸಿಗೆಯಲ್ಲೇ ಹೇಳಿಟ್ಟಿದ್ದಳು. ಆಮೇಲೆ ನಾನು ದಿನ ಎಣಿಸಿ ನೋಡಿದೆ. 310 ಬಂತು. ಪಶುವೈದ್ಯರ ಪುಸ್ತಕದಲ್ಲಿರೋದೂ ಹೆಚ್ಚು ಕಡಿಮೆ ಅಷ್ಟೇ.

ಇದೆಲ್ಲ ಸರಿ. ಆದರೆ ನನ್ನ ಕೌದಿಯೇ ಯಾಕೆ?

ನಮ್ಮ ಮನೆಯಲ್ಲಿ ಕೌದಿಗಳಿಗೆ ಒಂದು ಶ್ರೇಣಿ ಇದೆ. ಹೊಸದು ಟ್ರಂಕಿನಲ್ಲಿ, ಅಳಿಯ ಬಂದಾಗ ಮಾತ್ರ ಹೊರಗೆ. ಅದರ ನಂತರದವು ಮನೆಯವರು ಹೊದೆಯೋಕೆ. ಎರಡು ಮೂಲೆ ಹರಿದರೆ ಹಾಸೋಕೆ. ಹಾಸಿ ಹಾಸಿ ಹತ್ತಿ ಬಟ್ಟೆ ತೇಯ್ದರೆ ದನದ ಕಡೆ ಇಳಿಯುತ್ತದೆ. ಅಲ್ಲಿಂದ ತುಂಡಾಗಿ ಆಡಿನ ಮರಿ ಮುಚ್ಚಿದ ಬುಟ್ಟಿಯ ಮೇಲೆ, ಕೊನೆಗೆ ನಾಯಿಗೆ. ನಾಯಿಯಿಂದ ಮುಂದೆ ತಿಪ್ಪೆ, ತಿಪ್ಪೆಯಿಂದ ಹೊಲ. ಮುತ್ಯಾನ ಧೋತರ ಯಾವುದೋ ವರ್ಷ ಜೋಳದ ತೆನೆಯಾಗಿರಬೇಕು.

ಮುತ್ಯಾನ ಧೋತರ ಅಂದ ಕೂಡಲೇ ಕಡಲೆ ಹೊಲ ನೆನಪಾಗುತ್ತದೆ. ಚಳಿಗಾಲದಲ್ಲಿ ಕಡಲೆ ಗಿಡದ ಎಲೆ ಹುಳಿ ಒಸರುತ್ತದೆ. ಇಬ್ಬನಿ ಬಿದ್ದರೆ ಆ ಹುಳಿ ಅದರಲ್ಲಿ ಕರಗಿ ನಿಲ್ಲುತ್ತದೆ. ಮುತ್ಯಾ ರಾತ್ರಿ ಒಂದು ಬಿಳಿ ಧೋತರವನ್ನು ಗಿಡಗಳ ಮೇಲೆ ಹರವಿ ಬರುತ್ತಿದ್ದ. ನಸುಕಿನಲ್ಲಿ ಹೋಗಿ ಹಿಂಡಿದರೆ ತಂಬಿಗೆಯಲ್ಲಿ ಎರಡು ಬೊಗಸೆಯಷ್ಟು ಕಡಲೆ ಹುಳಿ. ಬಾಟಲಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಹೊಟ್ಟೆನೋವಿಗೆ ಅದೇ ಮದ್ದು. ನಾಲಗೆಗೆ ಒಂದು ಹನಿ ಬಿದ್ದರೆ ಕಿವಿಯವರೆಗೂ ಜುಮ್ಮೆನ್ನುತ್ತಿತ್ತು. ಹೊಟ್ಟೆನೋವು ಅಂತ ಸುಳ್ಳು ಹೇಳಿ ಸಾಲೆ ತಪ್ಪಿಸುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ, ಸ್ವಂತ ಅನುಭವ. ಆ ಹುಳಿಗೆ ಧೋತರ ಸಣ್ಣ ಸಣ್ಣ ತೂತು ಬಿದ್ದು ಜರಡಿಯಾಗುತ್ತಿತ್ತು. ತೂತಾದ ಧೋತರ ಕೌದಿಯ ಒಳಪದರಕ್ಕೆ. ನನ್ನ ಕೌದಿಯ ಹೊಟ್ಟೆಯಲ್ಲಿರೋದು ಅದೇ. ಮೇಲೆ ಅವ್ವನ, ಆಯಿಯ ಇಲಕಲ್ಲ ಸೀರೆಗಳು. ಕೆಂಪು ಸೆರಗಿನ ರೇಷ್ಮೆ ಯಾವಾಗಲೋ ನೂಲು ನೂಲಾಗಿ ಹೋಗಿದೆ, ಮೈಯ ಹತ್ತಿ ಮಾತ್ರ ಗಟ್ಟಿಯಾಗಿದೆ.

ಶಿವರಾತ್ರಿ ಕಳೆದು ಸುಗ್ಗಿ ಮುಗಿದ ಮೇಲೆ, ಹೊಲದಲ್ಲಿ ಕೆಲಸ ಇಲ್ಲದಾಗ ಓಣಿಯ ಹೆಂಗಸರು ಸೇರಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಜನ ಕೂತು ಅಂಚಿನಿಂದ ಒಳಗೆ ಹೊಲಿಯುತ್ತಾ ಬಂದರೆ ನಡುವೆ ಎಲ್ಲರ ಮೊಣಕಾಲು ತಾಗುವ ಹೊತ್ತಿಗೆ ಕೌದಿಯೂ ಮುಗಿದಿರುತ್ತದೆ, ಊರಿನ ಸುದ್ದಿಯೂ ಮುಗಿದಿರುತ್ತದೆ. ವರ್ಷಕ್ಕೊಮ್ಮೆ ಮಾನಮಿ ಮುಂದೆ ಅವನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಡೋಣಿಗೆ ಒಯ್ದು ತೊಳೆಯಬೇಕು. ಡೋಣಿ ನೀರು ಉಪ್ಪು. ಸಬಕಾರ ಎಷ್ಟು ತಿಕ್ಕಿದರೂ ನೊರೆ ಬರೋದಿಲ್ಲ. ಬಂಡೆಯ ಮೇಲೆ ಹಾಕಿ ತುಳಿಯೋದೊಂದೇ ದಾರಿ. ನೆನೆದ ಕೌದಿಯನ್ನು ಇಬ್ಬರು ಹಿಡಿದು ಹಿಂಡಿದವರಿಗೇ ಅದರ ತೂಕ ಗೊತ್ತು. ಹೊದ್ದಾಗ ಎದೆಯ ಮೇಲೆ ಬೀಳುವ ಆ ಭಾರ ಇದೆಯಲ್ಲ, ಅದಿಲ್ಲದೆ ನನಗೆ ನಿದ್ದೆ ಹತ್ತೋದಿಲ್ಲ. ರಗ್ಗು ಹೊದ್ದರೆ ಏನೂ ಹೊದ್ದಂತೆಯೇ ಇರೋದಿಲ್ಲ. ಒಣ ಚಳಿಯಲ್ಲಿ ಮಗ್ಗುಲು ತಿರುಗಿದರೆ ಚಟಪಟ ಕಿಡಿ ಬೇರೆ.

ಅಂದಹಾಗೆ, ದನಕ್ಕೆ ಹೊದಿಸಿದ ಕೌದಿಯ ಅಂಚು ಯಾವಾಗಲೂ ಕಡಿದಿರುತ್ತದೆ. ಎತ್ತುಗಳು ಪಕ್ಕದಿಂದ ಕತ್ತು ಚಾಚಿ ನೆಕ್ಕುತ್ತವೆ, ಆಮೇಲೆ ಜಗಿಯುತ್ತವೆ. ಡೋಣಿಯ ಉಪ್ಪೇ ಕಾರಣ ಅಂತ ನನ್ನ ಅನುಮಾನ. ಅಣ್ಣ ನಂಬೋದಿಲ್ಲ. ಅದು ನನ್ನ ಬೆವರು ಅನ್ನುತ್ತಾನೆ.

ನಾಯಿಯ ವಿಷಯ ಹೇಳದೇ ಬಿಟ್ಟರೆ ತಪ್ಪಾಗುತ್ತದೆ. ಟೈಗರ್ ಮುಧೋಳದ ಕಡೆಯ ಸೋದರಮಾವನ ಮನೆಯಿಂದ ಬಂದವನು. ಮುಧೋಳ 1997ರವರೆಗೆ ನಮ್ಮ ಜಿಲ್ಲೆಯದೇ, ಈಗ ಬಾಗಲಕೋಟೆಗೆ ಸೇರಿದೆ. ಮುಧೋಳ ನಾಯಿ ಅಂದರೆ ಸಾಮಾನ್ಯವೇ? 2016ರಲ್ಲಿ ಈ ಜಾತಿಯ ಮರಿಗಳನ್ನು ಸೈನ್ಯದವರು ತರಬೇತಿಗೆ ಅಂತ ಮೀರತ್‌ಗೆ ಒಯ್ದರು. ಮೊಲದ ಹಿಂದೆ ಬಿಟ್ಟರೆ ಬಾಣ. ಆದರೆ ಮೈಮೇಲೆ ಕೊಬ್ಬಿಲ್ಲ, ಕೂದಲು ವೆಲ್ವೆಟ್‌ನಷ್ಟು ಗಿಡ್ಡ. ಥಂಡಿ ಬಿತ್ತು ಅಂದರೆ ನಮ್ಮ ವೀರ ನಾಲ್ಕು ಕಾಲು ಒಟ್ಟುಗೂಡಿಸಿ, ಮೂಗನ್ನು ತೊಡೆಯೊಳಗೆ ಸಿಕ್ಕಿಸಿ, ಸುತ್ತಿಟ್ಟ ಹಗ್ಗದ ಹಾಗೆ ಬಿದ್ದುಕೊಳ್ಳುತ್ತಾನೆ. ತನ್ನ ತುಂಡು ಕೌದಿಯನ್ನು ಬಾಯಲ್ಲಿ ಕಚ್ಚಿ ಮೇಲೆ ಎಳೆದುಕೊಳ್ಳೋದನ್ನು ಯಾರೂ ಕಲಿಸಿಲ್ಲ. ಕಳ್ಳ ಬಂದರೆ ಅವನೂ ಸ್ವಲ್ಪ ಹೊದ್ದುಕೊಂಡು ಮಲಗಲಿ ಅನ್ನುವ ಮನೋಭಾವ.

ಆ ಶನಿವಾರ ರಾತ್ರಿ ಉಂಡು, ಸುಮ್ನೆ ಜಗಳ ಯಾಕೆ ಅಂತ ರಗ್ಗು ಹೊದ್ದು ಮಲಗಿದೆ. ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಅವ್ವ ಎಬ್ಬಿಸಿದಳು. "ತಮ್ಮಾ, ಏಳ. ಮೊಬೈಲ್ ಬೆಳಕ ಹಿಡಿ." ಮೂರು ಗಂಟೆ. ಚಂದ್ರ ಮುಳುಗುತ್ತಿದ್ದ. ಗಂಗಿ ಮಲಗಿತ್ತು, ಎದ್ದಿತು, ಮತ್ತೆ ಮಲಗಿತು. ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇದೆಯಲ್ಲ ಅಂದೆ. ಅವ್ವ ನನ್ನನ್ನು ನೋಡಲೇ ಇಲ್ಲ. ಲೆಕ್ಕ ತಪ್ಪಿದ್ದು ಎಮ್ಮೆ, ಅವಳಲ್ಲ.

ಮೊದಲು ಎರಡು ಗೊರಸು, ಅದರ ಮೇಲೆ ಮೂಗು. ಅಣ್ಣ ಕೈ ಹಾಕಲಿಲ್ಲ, ಕಾದು ನಿಂತ. ಒಮ್ಮೆ ತಲೆ ಹೊರಗೆ ಬಂದ ಮೇಲೆ ಉಳಿದದ್ದು ಜಾರಿಕೊಂಡು ಬಂತು. ಹೆಣ್ಣು ಕರ. ಮೈಯೆಲ್ಲ ಒದ್ದೆ, ಮೈಯಿಂದ ಹಬೆ ಏಳುತ್ತಿತ್ತು, ಬೆಳಕಿನಲ್ಲಿ ಅದು ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ಹಾಗೆ ಕಂಡಿತು. ಗಂಗಿ ನೆಕ್ಕೋಕೆ ಶುರು ಮಾಡಿತು. ಆದರೆ ಆ ಗಾಳಿಗೆ ನೆಕ್ಕಿ ಒಣಗಿಸೋದು ಯಾವಾಗ? ಕರ ನಡುಗುತ್ತಿತ್ತು. ನಾನು ಓಡಿಹೋಗಿ ರಗ್ಗು ತಂದೆ. ತ್ಯಾಗದ ಜೊತೆ ಸ್ವಲ್ಪ ಸ್ವಾರ್ಥವೂ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಅವ್ವ ಅದರಿಂದ ಒಮ್ಮೆ ಒರೆಸಿದಳು. ನೀರು ಆ ಕಡೆಯಿಂದ ಈ ಕಡೆ ಸರಿಯಿತು, ಅಷ್ಟೇ.

"ಇದ ನೀರ ಕುಡಿಯೂದಿಲ್ಲೋ ಮಾರಾಯಾ. ನೀನ ಹೊಚ್ಗೊ ಹೋಗ."

ಅಣ್ಣ ಹಗ್ಗ ಬಿಚ್ಚಿ ಕೌದಿ ಎಳೆದ. ಅವ್ವ ಕರವನ್ನು ಅದರಲ್ಲಿ ಸುತ್ತಿ ತಿಕ್ಕಿದಳು. ಕಾಲು, ಎದೆ, ಕಿವಿಯ ಹಿಂದೆ, ನನಗೆ ತಲೆಸ್ನಾನ ಮಾಡಿಸಿ ಒರೆಸುತ್ತಿದ್ದಳಲ್ಲ, ಅದೇ ರಭಸ. ಕೌದಿ ಎಲ್ಲವನ್ನೂ ಕುಡಿಯಿತು. ಹತ್ತು ನಿಮಿಷದಲ್ಲಿ ಕರದ ಕೂದಲು ನೆಟ್ಟಗೆ ನಿಂತವು. ಹೌದು, ಕರುವಿಗೆ ಕೂದಲು ತುಂಬಾ ಇರುತ್ತದೆ, ಎಮ್ಮೆಯಾಗುತ್ತಾ ಉದುರಿಹೋಗುತ್ತದೆ. ಮುಕ್ಕಾಲು ತಾಸಿನಲ್ಲಿ ಅದು ನಾಲ್ಕು ದಿಕ್ಕಿಗೆ ನಾಲ್ಕು ಕಾಲು ಹಾಕಿ ಎದ್ದು ನಿಂತಿತು. ಮೊಲೆ ಹುಡುಕುತ್ತಾ ಹೋಗಿ, ಮೊದಲು ಅಣ್ಣನ ಮೊಣಕಾಲು, ಆಮೇಲೆ ಕೌದಿಯ ಮೇಲಿನ ನನ್ನ ಕಿಸೆ ಚೀಪಿ, ಮೂರನೇ ಸಲ ಸರಿಯಾದ ಜಾಗ ಮುಟ್ಟಿತು.

ನಾನು ಪಡಸಾಲೆಗೆ ಹತ್ತಿ ಬಂದರೆ ಬೆಚ್ಚಗಿನ ಜಾಗದಲ್ಲಿ ಟೈಗರ್ ಮಲಗಿದ್ದ.

ಬೆಳಿಗ್ಗೆ ಬಿಸಿಲು ಕಾಯಿಸುತ್ತಾ ಅಂಗಳದಲ್ಲಿ ಕೂತಿದ್ದೆವು. ಒಳಗೆ ವೈನಿ ಗಿಣ್ಣು ಕಾಯಿಸುತ್ತಿದ್ದಳು, ಬೆಲ್ಲ ಏಲಕ್ಕಿಯ ವಾಸನೆ. ಕೌದಿ ಗೋಡೆಯ ಮೇಲೆ ಒಣಗುತ್ತಿತ್ತು. ಇನ್ನು ಅದು ಕರದ್ದು, ಆ ಬಗ್ಗೆ ಮಾತೇ ಇಲ್ಲ. ಅವ್ವ ಚಹಾ ಕೊಟ್ಟವಳು ಹಾಗೇ ನಿಂತು ನನ್ನ ಅಂಗಿಯ ಕಾಲರ್ ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು.

"ಹತ್ತೀದೇನಿದು?"

"ಹೊಸದು ಅವ್ವಾ. ದೀಪಾವಳಿಗೆ ತಗೊಂಡೀನಿ."

"ಇರ್ಲಿ, ಇರ್ಲಿ. ಬ್ಯಾಸಿಗಿ ಬರೂತನಾ ಹಾಕ್ಕೊ."